ಸಿಲಿಂಡರ್ ಬಂತು, ಒಲೆ ಹೊತ್ತಲಿಲ್ಲ: ತಿಪಟೂರು ಸೀಮೆಯ ಒಂದು ಮನೆಯ ಪ್ರಕರಣ

ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನ ಒಂದು ಊರಿನಲ್ಲಿ, ಅತ್ತೆ, ಮಗ, ಸೊಸೆ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳಿರುವ ಕುಟುಂಬಕ್ಕೆ ಉಜ್ವಲ ಯೋಜನೆಯ ಎರಡನೆಯ ಹಂತದಲ್ಲಿ ಅಡುಗೆ ಅನಿಲದ ಸಂಪರ್ಕ ಸಿಕ್ಕಿತು. 2021ರ ಆಗಸ್ಟ್‌ನಲ್ಲಿ ಆರಂಭವಾದ ಈ ಹಂತದಲ್ಲಿ ಸಂಪರ್ಕದ ಜೊತೆಗೆ ಒಲೆಯನ್ನೂ ಮೊದಲ ಸಿಲಿಂಡರನ್ನೂ ಉಚಿತವಾಗಿಯೇ ಕೊಡುತ್ತಿದ್ದರಾದ್ದರಿಂದ, ಮನೆಯವರು ಕೈಯಿಂದ ಹಾಕಬೇಕಾದ ಹಣವೇನೂ ಇರಲಿಲ್ಲ. ಆದರೂ ಸಂಪರ್ಕ ಬಂದು ವರ್ಷ ಕಳೆದ ಮೇಲೂ ಆ ಮೊದಲ ಸಿಲಿಂಡರ್ ಖಾಲಿಯಾಗಿರಲಿಲ್ಲ. ಬೀಗರು ಬಂದಾಗ ಕಾಫಿ ಕಾಸುವುದಕ್ಕೆ, ಮಗುವಿಗೆ ಜ್ವರ ಬಂದ ರಾತ್ರಿ ಗಂಜಿ ಮಾಡುವುದಕ್ಕೆ ಮಾತ್ರ ಒಲೆ ಹೊತ್ತಿತ್ತು. ಉಳಿದ ದಿನಗಳಲ್ಲಿ ಅದರ ಮೇಲೆ ಹಳೆಯ ಸೀರೆಯ ತುಂಡೊಂದು ಹೊದಿಸಿರುತ್ತಿತ್ತು.

ಸ್ವಸಹಾಯ ಸಂಘಗಳ ಕ್ಷೇತ್ರ ಕೆಲಸದ ಸಲುವಾಗಿ ಆ ಊರಿಗೆ ಹೋಗಿಬರುತ್ತಿದ್ದ ನನಗೆ ಈ ಮನೆಯ ಪರಿಚಯವಾದದ್ದು ಸೊಸೆಯ ಮೂಲಕ. ಮುಂದಿನ ಎರಡು ವರ್ಷಗಳಲ್ಲಿ ಆ ಅಡುಗೆಮನೆಯಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ, ಯಾವ ಕ್ರಮದಲ್ಲಿ ಬದಲಾಯಿತು ಎಂಬುದರ ದಾಖಲೆ ಇದು. ಕುಟುಂಬದ ಗುರುತು ಸಿಗದಿರಲೆಂದು ಹೆಸರುಗಳನ್ನು ಬಿಟ್ಟು, ಕೆಲವು ವಿವರಗಳನ್ನು ಮಾರ್ಪಡಿಸಿದ್ದೇನೆ.

ಈ ಮನೆಯ ಸ್ಥಿತಿ ಅಪರೂಪದ್ದೇನಲ್ಲ. ಮಹಾಲೇಖಪಾಲರು 2019ರಲ್ಲಿ ಉಜ್ವಲ ಯೋಜನೆಯ ಬಗ್ಗೆ ಕೊಟ್ಟ ವರದಿಯ ಪ್ರಕಾರ, ಸಂಪರ್ಕ ಪಡೆದು ಒಂದು ವರ್ಷ ದಾಟಿದ್ದ ಫಲಾನುಭವಿಗಳು 2018ರ ಕೊನೆಯ ಹೊತ್ತಿಗೆ ವರ್ಷಕ್ಕೆ ಸರಾಸರಿ 3.21 ಸಿಲಿಂಡರ್‌ಗಳನ್ನಷ್ಟೇ ತುಂಬಿಸಿಕೊಳ್ಳುತ್ತಿದ್ದರು. ಸೌದೆಯನ್ನು ಪೂರ್ತಿ ಬಿಟ್ಟು ಮೂರು ಹೊತ್ತೂ ಅನಿಲದಲ್ಲೇ ಬೇಯಿಸುವ ಐದು ಜನರ ಮನೆಗೆ 14.2 ಕಿಲೋ ತೂಕದ ಒಂದು ಸಿಲಿಂಡರ್ ಒಂದು ತಿಂಗಳು, ಹೆಚ್ಚೆಂದರೆ ಒಂದೂವರೆ ತಿಂಗಳು ಬರುತ್ತದೆ. ಇಷ್ಟನ್ನು ನೋಡಿದರೆ, ಕೊಟ್ಟ ಸಂಪರ್ಕಗಳ ಎಣಿಕೆಗೂ ಉರಿದ ಒಲೆಗಳ ಎಣಿಕೆಗೂ ನಡುವೆ ಎಷ್ಟು ಅಂತರವಿದೆ ಎಂಬುದು ಗೊತ್ತಾಗುತ್ತದೆ.

ಮನೆ ಮತ್ತು ಅಡುಗೆಮನೆ

ಅದು ಮೂರು ಅಂಕಣದ ಹೆಂಚಿನ ಮನೆ. ಹಿಂದೆ ಒಂದು ಸಣ್ಣ ತೆಂಗಿನ ತೋಟ, ಎರಡು ಸೀಮೆಹಸು, ಮಳೆ ಬಂದರೆ ರಾಗಿ. ಸೌದೆಯ ವಿಷಯದಲ್ಲಿ ತಿಪಟೂರು ಸೀಮೆ ಕಾಡಂಚಿನ ಊರುಗಳಂತಲ್ಲ. ತಲೆಹೊರೆ ಹೊತ್ತು ಮೈಲಿಗಟ್ಟಲೆ ನಡೆಯಬೇಕಾದ ಕಷ್ಟ ತೋಟವಿದ್ದವರಿಗೆ ಇಲ್ಲ. ಎಡಮಟ್ಟೆ, ಒಣಗಿದ ಗರಿ, ಕುರುಂಬಾಳೆ, ಕಾಯಿ ಸುಲಿದಾಗ ಉಳಿಯುವ ಸಿಪ್ಪೆ ಎಲ್ಲವೂ ಹಿತ್ತಲಲ್ಲೇ ಬಿದ್ದಿರುತ್ತವೆ. ಕಾಸಿಲ್ಲದೆ ಸಿಗುವ ಉರುವಲನ್ನು ಬಿಟ್ಟು ಕಾಸು ಕೊಟ್ಟು ತರುವ ಅನಿಲವನ್ನು ಉರಿಸಬೇಕಾದದ್ದೇಕೆ ಎಂದು ಅತ್ತೆ ಕೇಳುತ್ತಿದ್ದ ಪ್ರಶ್ನೆಗೆ, ಹೊಗೆಯಿಂದ ಶ್ವಾಸಕೋಶ ಕೆಡುತ್ತದೆ ಎಂಬ ಮಾತು ಪೂರ್ತಿ ಉತ್ತರವಾಗುವುದಿಲ್ಲ. ಹೊಗೆಯ ಕೆಡುಕು ನಿಜ, ಆಕೆಯ ಕೆಮ್ಮೇ ಅದಕ್ಕೆ ಸಾಕ್ಷಿಯಾಗಿತ್ತು. ಆದರೆ ಆ ಹೊಗೆಗೆ ಮನೆಯಲ್ಲಿ ಒಂದು ಕೆಲಸವೂ ಇತ್ತು: ಒಲೆಯ ಮೇಲಿನ ಅಟ್ಟದಲ್ಲಿಟ್ಟ ಬಿತ್ತನೆಯ ಅವರೆ, ತೊಗರಿಗೆ ಹುಳು ಹತ್ತದಂತೆ ಕಾಯುತ್ತಿದ್ದುದು ಅದೇ. ಹೊಸ ಒಲೆಯ ಗುಣವನ್ನು ಹೇಳಲು ಬರುವವರು ಈ ಬೀಜಗಳ ಮಾತನ್ನು ಎತ್ತುವುದನ್ನು ನಾನು ಕಂಡಿಲ್ಲ.

ಹೊಸ ಒಲೆ ಈ ಜಿಲ್ಲೆಗೆ ಹೊಸ ವಿಷಯವೂ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಹುಟ್ಟಿದ, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನ ರೂಪಿಸುತ್ತಿದ್ದ ‘ಅಸ್ತ್ರ’ ಕೇಂದ್ರವು ಇದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ನೆಲೆಯೂರಿ, ಹಳ್ಳಿಮನೆಗಳ ಸೌದೆ ಬಳಕೆಯನ್ನು ಅಳೆದು ನೋಡಿತ್ತು. ಆ ಕೇಂದ್ರ ರೂಪಿಸಿದ, ಹೊಗೆಕೊಳವೆಯುಳ್ಳ ಅಸ್ತ್ರ ಒಲೆ ಎಂಬತ್ತರ ದಶಕದಲ್ಲಿ ರಾಜ್ಯದ ಬಹಳ ಊರುಗಳನ್ನು ಮುಟ್ಟಿತು. ನಾನು ಹೇಳುತ್ತಿರುವ ಮನೆಯಲ್ಲೂ ಅಂಥದ್ದೊಂದು ಒಲೆ ಇತ್ತಂತೆ. ಕೊಳವೆಯಲ್ಲಿ ಕಟ್ಟಿದ ಮಸಿಯನ್ನು ಆಗಾಗ ಕೆರೆದು ತೆಗೆಯಬೇಕೆಂದು ಯಾರೂ ಹೇಳಿಕೊಡಲಿಲ್ಲ. ಹೊಗೆ ಒಳಕ್ಕೇ ತಿರುಗಿದಾಗ ಮಾವ ಅದನ್ನು ಒಡೆದು ಹಾಕಿ ಮೊದಲಿನ ಮಣ್ಣಿನ ಒಲೆಯನ್ನೇ ಹಾಕಿಸಿದರು. ಹಾಗಾಗಿ ಅತ್ತೆಯ ಹಿಂಜರಿಕೆಗೆ ಅನುಭವದ ಆಧಾರವಿತ್ತು. ಕೊಟ್ಟವರು ಕೊಟ್ಟು ಹೋಗುತ್ತಾರೆ, ಕೆಟ್ಟಾಗ ಬಂದು ನೋಡುವವರಿಲ್ಲ ಎಂಬುದನ್ನು ಆಕೆ ಒಮ್ಮೆ ಕಂಡಿದ್ದರು.

ಅದೇ ಮನೆಗೆ ಮಿಕ್ಸಿ ಬಂದಾಗ ಯಾರೂ ಹೆದರಿರಲಿಲ್ಲ. ಮಸಾಲೆ ಅರೆಯುವುದು ಕೈಸೋಲುವ ಚಾಕರಿ, ಅದನ್ನು ಯಂತ್ರಕ್ಕೆ ಬಿಟ್ಟುಕೊಟ್ಟರೆ ಯಾರ ಸ್ಥಾನವೂ ಕುಗ್ಗುವುದಿಲ್ಲ. ಒಲೆಯ ವಿಷಯ ಬೇರೆ. ಬೆಳಿಗ್ಗೆ ಅದನ್ನು ಸಾರಿಸಿ ಹಚ್ಚುವುದು, ಯಾವುದಕ್ಕೆ ಎಷ್ಟು ಉರಿ ಎಂದು ನಿರ್ಧರಿಸುವುದು, ಕೊನೆಗೆ ಕೆಂಡವನ್ನು ಬೂದಿಯಲ್ಲಿ ಮುಚ್ಚುವುದು ಆ ಮನೆಯಲ್ಲಿ ಅತ್ತೆಯ ಅಧಿಕಾರವಾಗಿತ್ತು.

ಯಾರಿಗೆ ಕಲಿಸಿದರು

ಸಂಪರ್ಕ ಕೊಡುವ ದಿನ ಊರ ಸಮುದಾಯ ಭವನದಲ್ಲಿ ಒಂದು ಪ್ರಾತ್ಯಕ್ಷಿಕೆ ನಡೆದಿತ್ತು. ಸಂಪರ್ಕ ಸೊಸೆಯ ಹೆಸರಿನಲ್ಲಿದ್ದ ಕಾರಣ ಅಲ್ಲಿಗೆ ಹೋದವರು ಸೊಸೆ. ಓದಬಲ್ಲವರು, ಬೇಗ ಗ್ರಹಿಸುವವರು ಎಂಬ ಕಾರಣಕ್ಕೆ ಕಿರಿಯರನ್ನೇ ಕರೆದು ಕಲಿಸುವುದು ಇಂಥ ಕಾರ್ಯಕ್ರಮಗಳ ವಾಡಿಕೆ. ಅದರ ಪರಿಣಾಮ ಏನಾಯಿತೆಂದರೆ, ನಲವತ್ತು ವರ್ಷ ಆ ಅಡುಗೆಮನೆಯನ್ನು ನಡೆಸಿದ ಹೆಂಗಸು ಒಂದು ಲೋಟ ಕಾಫಿ ಬೇಕಾದರೂ ಸೊಸೆಯನ್ನು ಕೂಗಿ ಒಲೆ ಹಚ್ಚಿಸಿಕೊಳ್ಳಬೇಕಾಯಿತು. ಎರಡು ಮೂರು ಸಲ ಹಾಗಾದ ಮೇಲೆ ಆಕೆ ಕೂಗುವುದನ್ನು ಬಿಟ್ಟು, ಸೌದೆ ಒಲೆಯ ಮುಂದೆ ಕೂತರು. ಅತ್ತೆ ಅಲ್ಲಿ ಊದುಗೊಳವೆ ಹಿಡಿದು ಕೂತಿರುವಾಗ ಪಕ್ಕದಲ್ಲೇ ನಿಂತು ಅನಿಲದ ಒಲೆ ಹಚ್ಚುವ ಧೈರ್ಯ ಸೊಸೆಗೂ ಆಗಲಿಲ್ಲ. ಹೀಗೆ, ಉಪಯೋಗಿಸಲು ಬಲ್ಲವಳು ಸಂಕೋಚದಿಂದಲೂ, ನಿರ್ಧರಿಸಬೇಕಾದವರು ಮುಜುಗರದಿಂದಲೂ ದೂರ ಉಳಿದರು. ಊರಿನಲ್ಲಿ ಇದಕ್ಕೆ ಕೊಡುತ್ತಿದ್ದ ಕಾರಣ ಒಂದೇ: ಮುದುಕಿಗೆ ಹೆದರಿಕೆ.

ಹೆದರಿಕೆಯೂ ಇತ್ತು. ‘ಬುಸ್ ಅಂತದೆ ಕಣವ್ವ, ಎದೆ ಝಲ್ ಅಂತದೆ’ ಎಂದು ಆಕೆ ನನ್ನ ಮುಂದೆ ಹೇಳಿದ್ದುಂಟು. ಕೇಳುತ್ತಾ ಹೋದಾಗ ಆ ಹೆದರಿಕೆಯ ಒಳವಿವರ ಸ್ಪಷ್ಟವಾಯಿತು. ಸಿಲಿಂಡರ್ ಸಿಡಿಯುತ್ತದೆ ಎಂಬ ಸುದ್ದಿಗಿಂತ ಆಕೆಯನ್ನು ಹೆಚ್ಚು ಕಾಡುತ್ತಿದ್ದುದು, ಉರಿಯನ್ನು ನಿಲ್ಲಿಸುವುದು ತನ್ನ ಕೈಯಲ್ಲಿಲ್ಲ ಎಂಬ ಭಾವನೆ. ಸೌದೆ ಒಲೆಯಲ್ಲಿ ಕೊಳ್ಳಿ ಹಿಂದಕ್ಕೆಳೆದರೆ ಉರಿ ತಗ್ಗುತ್ತದೆ, ನೀರು ಚಿಮುಕಿಸಿದರೆ ಆರುತ್ತದೆ. ಇಲ್ಲಿ ಎಳೆಯಲು ಕೊಳ್ಳಿಯಿಲ್ಲ, ನೀರು ಹಾಕುವಂತಿಲ್ಲ. ಅದಲ್ಲದೆ ಕಣ್ಣಿಗೆ ಪೊರೆ ಬಂದಿದ್ದರಿಂದ, ಹಗಲು ಬೆಳಕಿನಲ್ಲಿ ಸಣ್ಣ ನೀಲಿ ಉರಿ ಆಕೆಗೆ ಕಾಣುತ್ತಲೇ ಇರಲಿಲ್ಲ. ಒಲೆ ಹೊತ್ತಿದೆಯೋ ಆರಿದೆಯೋ ತಿಳಿಯದೆ ಅದರ ಮುಂದೆ ನಿಲ್ಲುವವರಿಗೆ ಭಯವಾಗುವುದು ಸಹಜ. ಅದನ್ನು ಅಜ್ಞಾನ ಎಂದು ಕರೆದು ಮುಗಿಸುವುದು ನನಗೆ ಸರಿಯೆನಿಸಲಿಲ್ಲ.

ಆರಿಸುವ ಪಾಠ

ಬದಲಾವಣೆ ಶುರುವಾದದ್ದು ಅದೇ ಬೀದಿಯಲ್ಲಿ ಹತ್ತು ಹನ್ನೆರಡು ವರ್ಷಗಳಿಂದ ಅನಿಲದಲ್ಲಿ ಅಡುಗೆ ಮಾಡುತ್ತಿದ್ದ, ಅತ್ತೆಯ ಓರಗೆಯ ಹೆಂಗಸೊಬ್ಬರಿಂದ. ಮಗ ಸೊಸೆ ತೋಟದಲ್ಲಿ, ಮಕ್ಕಳು ಶಾಲೆಯಲ್ಲಿದ್ದ ಮಧ್ಯಾಹ್ನಗಳಲ್ಲಿ ಆಕೆ ಬಂದು ಹೇಳಿಕೊಡಲಿ ಎಂದು ಸೂಚಿಸಿದವಳು ಸೊಸೆ. ನೋಡುವವರಿಲ್ಲದ ಹೊತ್ತಿನಲ್ಲಿ, ಸರೀಕರ ಕೈಯಲ್ಲಿ ಕಲಿಯಲಿ ಎಂಬ ಆ ಯೋಚನೆಯಲ್ಲಿದ್ದ ಸೂಕ್ಷ್ಮ ನಮ್ಮ ತರಬೇತಿ ಪುಸ್ತಿಕೆಗಳಲ್ಲಿಲ್ಲ. ನಾನು ಅಲ್ಲಿ ಮೂಲೆಯಲ್ಲಿ ಕೂತು ನೋಡಿದ್ದೆ, ಅಷ್ಟೇ.

ಆಕೆ ಕಲಿಸಿದ ಕ್ರಮ ಗಮನಿಸುವಂಥದು. ಮೊದಲ ದಿನ ಹಚ್ಚುವ ಮಾತೇ ಬರಲಿಲ್ಲ. ತಾನೇ ಒಲೆ ಹಚ್ಚಿ, ಆರಿಸುವುದನ್ನು ಮಾತ್ರ ಇವರ ಕೈಯಲ್ಲಿ ಮಾಡಿಸಿದರು: ಒಲೆಯ ತಿರುಗಣೆಯನ್ನು ಮುಚ್ಚುವುದು, ಆಮೇಲೆ ಬಗ್ಗಿ ರೆಗ್ಯುಲೇಟರನ್ನು ಮುಚ್ಚುವುದು. ಮತ್ತೆ ಹಚ್ಚಿದರು, ಮತ್ತೆ ಆರಿಸಲು ಹೇಳಿದರು. ರೆಗ್ಯುಲೇಟರ್ ಮುಚ್ಚಿದ ಮೇಲೆ ಕೊಳವೆಯಲ್ಲಿ ಉಳಿದ ಅನಿಲ ಉರಿದು ಉರಿ ತಾನಾಗಿ ಕುಗ್ಗಿ ಆರುವುದನ್ನು ತೋರಿಸಿದಾಗ, ಅತ್ತೆ ಸ್ವತಃ ಎರಡು ಬಾರಿ ಹಾಗೆ ಮಾಡಿ ನೋಡಿದರು. ಕೊಳ್ಳಿ ಎಳೆದಷ್ಟೇ ಖಚಿತವಾಗಿ ಇದನ್ನೂ ನಿಲ್ಲಿಸಬಹುದು ಎಂಬುದು ಕೈಗೆ ತಿಳಿದ ಬಳಿಕವೇ ಹಚ್ಚುವ ಪಾಠ ನಡೆಯಿತು. ಕಡ್ಡಿ ಗೀರಿಕೊಂಡ ಮೇಲೆ ತಿರುಗಣೆ ತೆರೆಯಬೇಕು, ತೆರೆದಿಟ್ಟು ಕಡ್ಡಿ ಹುಡುಕಬಾರದು ಎಂಬ ನಿಯಮವನ್ನು ಆಕೆ ಬೇಗ ಹಿಡಿದರು. ‘ಬುಸ್’ ಎನ್ನುವ ಸದ್ದು ಕೂಡಲೇ ಉರಿಯಾಗಿ ಮಾರ್ಪಟ್ಟರೆ ಅದರಲ್ಲಿ ಅಂಜಿಕೆಗೆ ಕಾರಣವಿಲ್ಲ ಎಂಬುದು ಆಗ ಅರ್ಥವಾಯಿತು.

ಕಣ್ಣಿನ ತೊಂದರೆಗೆ ಮೊಮ್ಮಗಳು ಒಂದು ಉಪಾಯ ಕಂಡುಕೊಂಡಳು. ತಿರುಗಣೆಯ ಮೇಲೂ, ಅದು ಮುಚ್ಚಿದಾಗ ಎದುರಾಗುವ ಜಾಗದಲ್ಲೂ ಕೆಂಪು ಉಗುರುಬಣ್ಣದ ಒಂದೊಂದು ದಪ್ಪ ಬೊಟ್ಟಿಟ್ಟಳು. ಬೊಟ್ಟಿಗೆ ಬೊಟ್ಟು ಕೂಡಿದರೆ ಆರಿದೆ ಎಂದರ್ಥ. ಬಣ್ಣ ಒಣಗಿ ಉಬ್ಬಿಕೊಂಡದ್ದರಿಂದ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಮುಂದೆ ಪೊರೆಯ ಶಸ್ತ್ರಚಿಕಿತ್ಸೆ ಆದ ಮೇಲೂ ಆಕೆ ಬೆರಳಾಡಿಸಿ ನೋಡುವ ರೂಢಿಯನ್ನು ಬಿಟ್ಟಿಲ್ಲ.

ಇದಾದ ಬಳಿಕ ನಡೆದ ಮಾತುಕತೆಗಳು ಬಹುಮಟ್ಟಿಗೆ ಜಾಗದ ಕುರಿತಾಗಿದ್ದವು. ಹಳೆಯ ಅಡುಗೆಮನೆಗಳನ್ನು ಕಟ್ಟಿರುವುದು ಹೊಗೆಯನ್ನು ಮೇಲಕ್ಕೆ ಕಳಿಸುವುದಕ್ಕೆ. ಗವಾಕ್ಷಿ ಇರುವುದು ಚಾವಣಿಯಲ್ಲಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡುತ್ತದೆ, ಹೊಸಿಲು ಎತ್ತರವಿದ್ದರೆ ಒಳಗೇ ನಿಲ್ಲುತ್ತದೆ. ಹಾಗಾಗಿ ಗವಾಕ್ಷಿಯನ್ನು ನಂಬಿಕೊಂಡರೆ ಪ್ರಯೋಜನವಿಲ್ಲ, ಹಿತ್ತಲ ಬಾಗಿಲು ತೆರೆದಿರಬೇಕು. ಈ ಮನೆಯಲ್ಲಿ ಸಿಲಿಂಡರನ್ನು ಮೊದಲು ಇಟ್ಟಿದ್ದು ಬಚ್ಚಲಿನ ಹಂಡೆ ಒಲೆಗೆ ನಾಲ್ಕು ಹೆಜ್ಜೆ ದೂರದಲ್ಲಿ. ನೆಲಮಟ್ಟದಲ್ಲಿ ಕೆಂಡವಿರುವ ಜಾಗಕ್ಕೆ ಅಷ್ಟು ಹತ್ತಿರ ಇಡುವುದು ಅಪಾಯವೆಂದು ತಿಳಿದಾಗ ಮಗ ಅದನ್ನು ಹಿತ್ತಲ ಬಾಗಿಲ ಪಕ್ಕಕ್ಕೆ ಸರಿಸಿದ. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕಾದ್ದರಿಂದ ಕಡಪ ಕಲ್ಲಿನ ಕಟ್ಟೆ ಹಾಕಿಸಿದ್ದರು, ಆದರೆ ಗಾರೆಯವನು ಅದನ್ನು ಪೇಟೆ ಮನೆಗಳ ಅಳತೆಯಲ್ಲಿ ಕಟ್ಟಿದ್ದ. ಗಿಡ್ಡಗಿದ್ದ ಅತ್ತೆಗೆ ಪಾತ್ರೆಯ ಬಾಯಿ ಎದೆಮಟ್ಟಕ್ಕೆ ಬರುತ್ತಿತ್ತು, ಸೆರಗು ಉರಿಯ ಮೇಲೆ ಹಾಯುತ್ತಿತ್ತು. ಕಟ್ಟೆಯನ್ನು ಎರಡೂವರೆ ಅಡಿಗೆ ಇಳಿಸಿದಾಗ ಎರಡೂ ಕಷ್ಟ ನೀಗಿದವು. ಕೆಳಗೆ ಕೂತು ಏಳಲಾರದಷ್ಟು ಮಂಡಿನೋವಿದ್ದ ಆಕೆಗೆ ನಿಂತು ಮಾಡುವ ಅಡುಗೆ ಹಿತವೆನಿಸತೊಡಗಿದ್ದು ಆ ಮೇಲೆಯೇ.

ಯಾವ ಅಡುಗೆ ಯಾವ ಒಲೆಗೆ

ಸೌದೆ ಒಲೆಯನ್ನು ಆರಿಸಿಬಿಡಿ ಎಂದು ಈ ಮನೆಯವರಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಕೆಲಸ ಕೆಡುತ್ತಿತ್ತು ಎಂಬುದು ನನ್ನ ಅಭಿಪ್ರಾಯ, ಅದಕ್ಕೆ ಮುಖ್ಯ ಕಾರಣ ರಾಗಿ ಹಿಟ್ಟು, ಅಂದರೆ ಮುದ್ದೆ. ಹಿಟ್ಟು ತೊಳಸುವಾಗ ಪಾತ್ರೆ ಅಲುಗದಂತೆ ಕವೆಗೋಲಿನಿಂದ ಅದರ ಕಂಠವನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ದೊಣ್ಣೆಯಿಂದ ಮೈಭಾರ ಹಾಕಿ ತಿರುವಬೇಕು. ನೆಲದಲ್ಲಿ ಮಣ್ಣಿಗೆ ಕಚ್ಚಿಕೊಂಡ ಒಲೆ ಆ ಬಲವನ್ನು ತಡೆಯುತ್ತದೆ, ಕಟ್ಟೆಯ ಮೇಲಿನ ತಗಡಿನ ಒಲೆ ಜಾರುತ್ತದೆ. ಕೆಲವು ಮನೆಗಳಲ್ಲಿ ಇದಕ್ಕಾಗಿ ಅನಿಲದ ಒಲೆಯನ್ನೇ ನೆಲಕ್ಕಿಳಿಸಿಕೊಂಡಿರುವುದನ್ನು ಕಂಡಿದ್ದೇನೆ. ಒಲೆ ಸಿಲಿಂಡರಿಗಿಂತ ತಗ್ಗಿನಲ್ಲಿರುವುದು ಸುರಕ್ಷಿತವಲ್ಲ. ಹಿಟ್ಟನ್ನು ಅನಿಲದ ಮೇಲೆ ಬೇಯಿಸಿ, ಪಾತ್ರೆಯನ್ನು ನೆಲದ ಮೇಲೆ ಸಿಂಬಿಗೆ ಇಳಿಸಿ ತೊಳಸುವ ಉಪಾಯವನ್ನು ಓರಗೆಯಾಕೆ ತೋರಿಸಿಕೊಟ್ಟರು. ಅತ್ತೆಗೆ ಅದು ಒಪ್ಪಿಗೆಯಾಗಲಿಲ್ಲ, ಅಷ್ಟರಲ್ಲಿ ಕಾವು ಇಳಿದು ಗಂಟು ಉಳಿಯುತ್ತದೆ ಎಂಬುದು ಆಕೆಯ ತಕರಾರು. ಹೀಗಾಗಿ ಹಿಟ್ಟು, ಹಂಡೆಯ ನೀರು, ಹಬ್ಬದ ದೊಡ್ಡ ಅಡುಗೆ ಸೌದೆಗೆ ಉಳಿದವು. ಜಡಿಮಳೆಯಲ್ಲಿ ಎಡಮಟ್ಟೆ ನೆನೆದು ಹೊಗೆ ಮಾತ್ರ ಕಾರುವ ದಿನಗಳಲ್ಲಿ ಹಿಟ್ಟೂ ಅನಿಲಕ್ಕೆ ಬರುತ್ತದೆ, ಆಗ ತಕರಾರು ಕೇಳಿಬರುವುದಿಲ್ಲ.

ಅನಿಲಕ್ಕೆ ಮೊದಲು ಬಂದದ್ದು ಮುಂಜಾನೆಯ ಕಾಫಿ. ಹಾಲು ಕರೆದು ಡೇರಿಗೆ ಹಾಕಿ ಬರುವ ಗಡಿಬಿಡಿಯಲ್ಲಿ ಸೌದೆ ಒಲೆ ಹೊತ್ತಿಸಿ ಕೂರುವಷ್ಟು ವ್ಯವಧಾನ ಯಾರಿಗೂ ಇರುತ್ತಿರಲಿಲ್ಲ. ಅದರ ಹಿಂದೆಯೇ ಮಕ್ಕಳ ಬುತ್ತಿಯ ಉಪ್ಪಿಟ್ಟು, ಚಿತ್ರಾನ್ನ ಬಂದವು, ಆಮೇಲೆ ರಾತ್ರಿಯ ಸಾರು ಬಿಸಿ ಮಾಡುವುದು. ಅನ್ನ ಬರಲು ಬಹಳ ತಡವಾಯಿತು, ಅದೂ ಕುಕ್ಕರ್ ಕೊಂಡ ನಂತರ. ಈ ಸರದಿಯನ್ನು ಯಾರೂ ಯೋಜಿಸಿರಲಿಲ್ಲ, ಅತ್ತೆಯೇ ಒಂದೊಂದನ್ನಾಗಿ ಆಚೆ ಒಲೆಯಿಂದ ಈಚೆ ಒಲೆಗೆ ದಾಟಿಸಿದರು. ಇನ್ನು ಬಿತ್ತನೆ ಕಾಳಿನ ಅಟ್ಟ: ಸೌದೆ ಒಲೆ ದಿನಕ್ಕೊಮ್ಮೆಯಾದರೂ ಉರಿಯುವುದರಿಂದ ಅದಕ್ಕೆ ಬೇಕಾದ ಹೊಗೆ ಈಗಲೂ ಸಿಗುತ್ತಿದೆ. ಅಡುಗೆಮನೆಯ ಹೊಗೆ ಪೂರ್ತಿ ನಿಲ್ಲದೆ ಆರೋಗ್ಯಕ್ಕೆ ಸಿಗಬೇಕಾದ ಲಾಭವೆಲ್ಲ ಸಿಗುವುದಿಲ್ಲ ಎಂಬ ವಾದವಿದೆ, ಅದು ಸರಿಯಾದ ವಾದವೇ. ಆದರೆ ಪೂರ್ತಿ ನಿಲ್ಲಿಸಿ ಎಂಬ ಷರತ್ತನ್ನು ಮೊದಲ ದಿನವೇ ಒಡ್ಡಿದ್ದರೆ ಈ ಮನೆಯಲ್ಲಿ ಬೆಳಗಿನ ಹೊಗೆಯೂ ನಿಲ್ಲುತ್ತಿರಲಿಲ್ಲ.

ದುಡ್ಡು ಮತ್ತು ಮೊಬೈಲು

ಎರಡನೆಯ ಸಿಲಿಂಡರ್ ತರುವ ಹೊತ್ತಿಗೆ ಬೇರೊಂದು ಅಡ್ಡಿ ಎದುರಾಯಿತು. ಸಬ್ಸಿಡಿ ಆಮೇಲೆ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ, ಸಿಲಿಂಡರ್ ಇಳಿಸಿಕೊಳ್ಳುವಾಗ ಪೂರ್ತಿ ಹಣವನ್ನು ಕೊಡಲೇಬೇಕು. 2023ರ ಅಕ್ಟೋಬರ್‌ನಿಂದ ಉಜ್ವಲ ಫಲಾನುಭವಿಗಳಿಗೆ ಒಂದು ಸಿಲಿಂಡರಿಗೆ 300 ರೂಪಾಯಿ ಸಬ್ಸಿಡಿ ನಿಗದಿಯಾಗಿದೆ. ಆದರೆ ಕೊಬ್ಬರಿ ಮಾರುವವರೆಗೆ ಕೈಯಲ್ಲಿ ದೊಡ್ಡ ಮೊತ್ತವಿಲ್ಲದ ಮನೆಗೆ, ಹಿಂದಿರುಗಿ ಬರುವ ಮುನ್ನೂರಕ್ಕಿಂತ ಈಗ ಎಣಿಸಿಕೊಡಬೇಕಾದ ಮೊತ್ತವೇ ಕಣ್ಣಿಗೆ ಬೀಳುತ್ತದೆ. ಸಬ್ಸಿಡಿ ಬರುವುದು ಸೊಸೆಯ ಖಾತೆಗೆ. ಪಡಿತರ ಚೀಟಿಯಲ್ಲಿ ಯಜಮಾನಿ ಅತ್ತೆಯಾದ ಕಾರಣ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಬರುವುದು ಅತ್ತೆಯ ಖಾತೆಗೆ. ಆ ಯೋಜನೆ ಜಾರಿಗೆ ಬಂದದ್ದು 2023ರ ಆಗಸ್ಟ್ ಕೊನೆಯಲ್ಲಿ, ಅಂದರೆ ಅತ್ತೆ ಒಲೆಗೆ ಒಗ್ಗಿಕೊಂಡ ಮೇಲೆ. ಒಲೆ ತನ್ನದೆಂಬ ಭಾವನೆ ಅಷ್ಟರಲ್ಲಿ ಬಂದಿದ್ದರಿಂದ, ಸಿಲಿಂಡರಿನ ಖರ್ಚು ತನ್ನ ಹಣದಲ್ಲಿ ಎಂದು ಆಕೆಯೇ ಹೇಳಿದರು. ಮೊದಲಿನ ಸ್ಥಿತಿಯಲ್ಲೇ ಆ ಹಣ ಬಂದಿದ್ದರೆ ಅದು ಖಂಡಿತ ಬೇರೆ ಕಡೆ ಹೋಗುತ್ತಿತ್ತು. ಗೃಹಲಕ್ಷ್ಮಿ ಕಂತು ತಡವಾದ ತಿಂಗಳುಗಳಲ್ಲಿ ಡೇರಿಯ ಬಟವಾಡೆಯಿಂದ ತೆಗೆದು ತುಂಬಿಸುತ್ತಾರೆ.

ಸಿಲಿಂಡರ್ ತಂದವನಿಗೆ ನೋಂದಾಯಿತ ಮೊಬೈಲಿಗೆ ಬಂದ ಸಂಖ್ಯೆಯನ್ನು ಹೇಳಬೇಕು. ನೋಂದಣಿಯಲ್ಲಿದ್ದುದು ಮಗನ ಸಂಖ್ಯೆ. ಅವನು ತಿಪಟೂರಿನ ಮಾರುಕಟ್ಟೆಯಲ್ಲಿದ್ದ ದಿನ ಗಾಡಿ ಬಂದು ಸಿಲಿಂಡರ್ ಇಳಿಸದೆ ವಾಪಸು ಹೋಗಿತ್ತು, ಆ ವಾರವೆಲ್ಲ ಸೌದೆಯೇ ಗತಿಯಾಯಿತು. ಸೊಸೆಯ ಸಂಖ್ಯೆಯನ್ನು ಸೇರಿಸಿದ ಮೇಲೆ ಆ ತೊಂದರೆ ತಪ್ಪಿತು. ಸಣ್ಣ ವಿಷಯವೆಂದು ತೋರಬಹುದು, ಆದರೆ ಹೊಸತಕ್ಕೆ ಹೊಂದಿಕೊಳ್ಳುತ್ತಿರುವ ಮನೆಯಲ್ಲಿ ಇಂಥ ಒಂದು ವಾರ ಹಳೆಯ ರೂಢಿಗೆ ಮರಳಲು ಸಾಕು.

ಈ ನಡುವೆ ಮಗ ಇಂಡಕ್ಷನ್ ಒಲೆಯ ವಿಚಾರ ಎತ್ತಿದ್ದ. ಗೃಹಜ್ಯೋತಿಯಲ್ಲಿ ವಿದ್ಯುತ್ ಬಿಟ್ಟಿ ಇರುವಾಗ ಅನಿಲವೇಕೆ ಎಂಬುದು ಅವನ ಲೆಕ್ಕ. ಆ ಯೋಜನೆಯಲ್ಲಿ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪವಷ್ಟೇ ಸೇರಿಸಿ ಮಿತಿ ಹಾಕಿದ್ದಾರೆ, ಹೆಚ್ಚು ಉರಿಸಿದ್ದಕ್ಕೆ ಹಣ ಕಟ್ಟಬೇಕು ಎಂದು ತಿಳಿದಾಗ ಆ ಮಾತು ಅಲ್ಲಿಗೆ ನಿಂತಿತು. ಮುದ್ದೆಗೆ ಬಳಸುವ ದುಂಡು ತಳದ ಪಾತ್ರೆ ಅದರ ಮೇಲೆ ಕೂರುವುದೂ ಇಲ್ಲ.

ಈಗಿನ ಸ್ಥಿತಿ

ಈಗ ಆ ಮನೆಯಲ್ಲಿ ಒಂದು ಸಿಲಿಂಡರ್ ಎರಡು ತಿಂಗಳ ಆಸುಪಾಸು ಬರುತ್ತದೆ. ಹೊಸ ಸಿಲಿಂಡರ್ ಬಂದಾಗ ರೆಗ್ಯುಲೇಟರ್ ಕೂರಿಸಿ, ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವ ಕೆಲಸ ಸೊಸೆಯದು, ರಾತ್ರಿ ಮಲಗುವ ಮುಂಚೆ ರೆಗ್ಯುಲೇಟರ್ ಮುಚ್ಚುವುದು ಅತ್ತೆಯದು. ಸೋರಿಕೆಯ ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟದೆ ಬಾಗಿಲು ತೆರೆದು ಹೊರಗೆ ಹೋಗಿ 1906ಕ್ಕೆ ಕರೆ ಮಾಡಬೇಕೆಂಬುದು ಮಕ್ಕಳಿಗೂ ಬಾಯಿಪಾಠವಾಗಿದೆ.

ಈ ಪ್ರಕರಣದಿಂದ ಎಲ್ಲ ಮನೆಗಳಿಗೂ ಅನ್ವಯಿಸುವ ಮಾತು ಹೇಳಲು ಆಗದು. ಇಲ್ಲಿ ತೋಟವಿತ್ತು, ಹಾಲಿನ ಹಣವಿತ್ತು, ಕಲಿಸಲು ಅದೇ ಬೀದಿಯಲ್ಲಿ ಅನುಭವಸ್ಥೆ ಇದ್ದರು. ಕೂಲಿಯನ್ನೇ ನೆಚ್ಚಿದ ಮನೆಯಲ್ಲಿ ಅತ್ತೆಗೆ ಎಷ್ಟೇ ಧೈರ್ಯ ಬಂದರೂ ಸಿಲಿಂಡರಿನ ದುಡ್ಡು ಹುಟ್ಟುವುದಿಲ್ಲ, ಅಲ್ಲಿ ಐದು ಕಿಲೋ ಸಿಲಿಂಡರಿನಂಥ ಸಣ್ಣ ಕಂತಿನ ದಾರಿಯನ್ನೇ ನೋಡಬೇಕಾಗುತ್ತದೆ. ಗಂಡ ಹೆಂಡಿರಷ್ಟೇ ಇರುವ ಮನೆಗಳಲ್ಲಿ ಹಿರಿಯರ ಪ್ರಶ್ನೆ ಏಳುವುದಿಲ್ಲ, ಅಲ್ಲಿನ ತೊಡಕುಗಳು ಬೇರೆ. ಈ ಮನೆಯಲ್ಲೂ ಒಂದು ಕೆಲಸ ಬಾಕಿಯಿದೆ. ಒಲೆಯ ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಸಂಪರ್ಕ ಬಂದಾಗ ಕೊಟ್ಟ ಕೊಳವೆಗೆ ಆ ಅವಧಿ ಹತ್ತಿರವಾಗುತ್ತಿದೆ. ಅಸ್ತ್ರ ಒಲೆಯ ಮಸಿಯಂತೆ ಇದೂ ಮರೆತುಹೋಗದಿರಲೆಂದು ಸೊಸೆ ಕೊಳವೆಯ ಮೇಲೆ ಅಚ್ಚಾಗಿದ್ದ ವರ್ಷವನ್ನು ಓದಿ, ಸಂಘದ ಪಾಸ್‌ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಸಂಘದ ಮುಂದಿನ ಸಭೆಯಲ್ಲಿ ಉಳಿದ ಮನೆಗಳ ಕೊಳವೆಗಳನ್ನೂ ನೋಡಿಸಿ, ಬದಲಿಸಬೇಕಾದವನ್ನು ಒಟ್ಟಿಗೆ ತರಿಸುವುದೆಂದು ಮಾತಾಗಿದೆ.